ಪಕ್ಕದ ಗೋಡೆ ನೋಡುವ ಸದ್ದಕ್ಕ

"ಕಣ್ಣು ಕಾಣಲ್ವೇನೋ ನಿನಗೆ? ಇವರನ್ನ ಗುಂಡಿಗೆ ಇಳಿಸ್ಬೇಡ ಅಂದ್ರೆ ಇಳಿಸ್ಬೇಡ!"

"ನೀನು ಗುಡಿಸೋಕೆ ಬಂದಿದೀಯ ಅಕ್ಕಾ, ಗುಡಿಸು. ಇಲ್ಲಿ ಮೇಸ್ತ್ರಿ ನಾನು."

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಚಪ್ಪಡಿ ಕಲ್ಲಿನ ಕ್ವಾರಿಯ ಬಾಯಲ್ಲಿ ಅಕ್ಕ ತಮ್ಮ ಕಾದಾಡುವ ಹುಂಜಗಳ ಹಾಗೆ ಕತ್ತು ಉಬ್ಬಿಸಿ ನಿಂತಿದ್ದಾರೆ. ಹಿಂದೆ ಹನ್ನೊಂದು ಜನ ಕೆಲಸಗಾರರು ಯಾರ ಮಾತು ಕೇಳುವುದೋ ತಿಳಿಯದೆ ಕಾಲು ಬದಲಿಸುತ್ತಿದ್ದಾರೆ.

ಈ ಅಕ್ಕನನ್ನು ಎಲ್ಲರೂ ಕರೆಯುವುದು ಸದ್ದಕ್ಕ ಎಂದು. ಹತ್ತೊಂಬತ್ತು ವರ್ಷದಿಂದ ದಿನಾ ಎಲ್ಲರಿಗಿಂತ ಮುಂಚೆ ಒಬ್ಬರೇ ಗುಂಡಿಗಿಳಿದು, ಹಾರೆಯಿಂದ ಕಲ್ಲಿನ ಗೋಡೆಯನ್ನು ಬಡಿದು ಕಿವಿಗೊಡುತ್ತಾರೆ. ಠಣ್ ಎಂದರೆ ಗಟ್ಟಿ. ಡಬ್ ಎಂದರೆ ಪದರ ಬಿಟ್ಟಿದೆ. ಅಲ್ಲಿ ಸುಣ್ಣದ ಗೀಟು. ದಿನಕ್ಕೆ ನಾನೂರು ಏಟು. ಹಾಜರಿ ಪುಸ್ತಕದಲ್ಲಿ ಮಾತ್ರ ಇವರ ಕೆಲಸ 'ಕಸ ಗುಡಿಸುವುದು'. ಅದನ್ನು ಬರೆದ ಮಹಾಶಯ ಒಂದು ದಿನ ಆ ಗೋಡೆಯ ಕೆಳಗೆ ಕುಳಿತು ಬರೆಯಬೇಕಿತ್ತು.

ಜಗಳ ಕಲ್ಲಿನ ಮಡಿಕೆಯದು. ಯಾವ ಕಾಲದಲ್ಲೋ ಎರಡೂ ಕಡೆಯಿಂದ ಒತ್ತಡ ಬಿದ್ದು, ಈ ಗುಡ್ಡದ ಪದರಗಳು ತಳ್ಳಿದ ಕಂಬಳಿಯಂತೆ ಬಾಗಿವೆ. ಆದರೆ ಎದುರು ಗೋಡೆಯಲ್ಲಿ ಅವು ಗೆರೆ ಎಳೆದಷ್ಟು ಮಟ್ಟಸ.

"ಹಾಸಿಗೆ ಹಾಸಿದಂಗಿದೆ. ಎಲ್ಲಿ ಜಾರುತ್ತೆ?" ಎನ್ನುತ್ತಾನೆ ತಮ್ಮ.

ಅಕ್ಕ ಅವನ ರಟ್ಟೆ ಹಿಡಿದು ಪಕ್ಕದ ಗೋಡೆಯ ಮುಂದೆ ನಿಲ್ಲಿಸುತ್ತಾರೆ. ಅಲ್ಲಿ ಅದೇ ಪದರಗಳು ಗುಂಡಿಯ ಕಡೆಗೇ ಇಳಿಜಾರು.

"ಎದುರಿಂದ ಮಟ್ಟಸ, ಪಕ್ಕದಿಂದ ಜಾರುಬಂಡೆ. ಬಗ್ಗಿದ ಕಡೆ ಹೊರಮೈ ಬಿರಿಯುತ್ತೆ ಕಣೋ. ಪುಸ್ತಕ ಬಗ್ಗಿಸಿದ್ರೆ ಹಾಳೆ ಒಂದರ ಮೇಲೊಂದು ಜಾರಲ್ವಾ, ಹಂಗೆ. ಬುಡಾನೂ ನಾವೇ ಕಡಿದಿದೀವಿ. ತಡೆಯೋಕೆ ಏನಿದೆ?"

ಆರು ವರ್ಷದ ಹಿಂದೆ ಸದ್ದಕ್ಕನೂ ಎದುರು ಗೋಡೆಯನ್ನೇ ನಂಬಿದ್ದರು. ಅಂದು ಪದರ ಜಾರಿ, ಕೆಳಗಿದ್ದ ಗಂಡನ ಬಲಗಾಲು ಹೋಯಿತು. "ಠಣ್ ಅಂತು, ಸುಮ್ನಾದೆ. ನಾಲ್ಕು ಹೆಜ್ಜೆ ಪಕ್ಕಕ್ಕೆ ಹೋಗಿ ನೋಡ್ಲಿಲ್ಲ. ಅವರು ಇವತ್ತಿಗೂ ಬೈದಿಲ್ಲ. ಬೈದಿದ್ರೆ ಹಗುರಾಗ್ತಿತ್ತು."

"ಸಾಯಂಕಾಲದೊಳಗೆ ಲೋಡು ಹೋಗ್ಬೇಕು," ತಮ್ಮ ಗುಡುಗುತ್ತಾನೆ.

"ಹಂಗಾದ್ರೆ ಬಾ, ಮೊದಲು ನಾವಿಬ್ರೂ ಆ ಗೋಡೆ ಕೆಳಗೆ ಕೂತು ಚಹಾ ಕುಡಿಯೋಣ. ಲೋಟ ಖಾಲಿ ಆಗೋವರೆಗೂ ಏಳಂಗಿಲ್ಲ."

ಹಿಂದೆ ಯಾರೋ ಕಿಸಕ್ಕೆನ್ನುತ್ತಾರೆ. ತಮ್ಮ ಹೆಲ್ಮೆಟ್ ಕಿತ್ತು ನೆಲಕ್ಕೆ ಬಡಿಯುತ್ತಾನೆ. "ಧಣಿಗಳನ್ನೇ ಕರ್ಕೊಂಡು ಬರ್ತೀನಿ ಇರು!"

"ಕರ್ಕೊಂಡು ಬಾ. ಅವರಿಗೂ ಒಂದು ಲೋಟ ಇಟ್ಟಿರ್ತೀನಿ."

ಅವನು ಗೇಟು ದಾಟುತ್ತಾನೆ. ಸದ್ದಕ್ಕ ಇಳಿಯುವ ದಾರಿಗೆ ಅಡ್ಡಲಾಗಿ ಹಾರೆಯಿಟ್ಟು ಕೂರುತ್ತಾರೆ. ಆ ದಿನ ಯಾರೂ ಗುಂಡಿಗೆ ಇಳಿಯುವುದಿಲ್ಲ. ಸಂಜೆ ಹನ್ನೊಂದು ಜನವೂ ಎರಡೂ ಕಾಲಲ್ಲಿ ನಡೆದುಕೊಂಡೇ ಮನೆಗೆ ಹೋಗುತ್ತಾರೆ. ಧಣಿಯೂ ಬಂದಿಲ್ಲ, ತಮ್ಮನೂ ಬಂದಿಲ್ಲ. ಹೆಲ್ಮೆಟ್ ಬಿದ್ದಲ್ಲೇ ಇದೆ.