ಏನೂ ಸೀಯದ ಅಡುಗೆಮನೆ

ನನ್ನ ಹೆಂಡತಿ ಸಹಾಯ ಮಾಡುವುದರಲ್ಲಿ ಎತ್ತಿದ ಕೈ. ಬೇಡವೆಂದವರಿಗೂ ಬಿಡುವುದಿಲ್ಲ. ಹದಿನಾಲ್ಕು ವರ್ಷದ ಮಗಳ ಬೂಟಿನ ಲೇಸು ಇವತ್ತಿಗೂ ಕಟ್ಟುವವಳು ಇವಳೇ, ನಾನು ಉಪದೇಶಕ್ಕೆ ಎದ್ದು ನಿಲ್ಲುವ ಮುಂಚೆ ನನ್ನ ಕನ್ನಡಕ ಕಿತ್ತುಕೊಂಡು ಒರೆಸಿಕೊಡುವವಳೂ ಇವಳೇ. ಮಿಷನ್ನಿನವರು ನಮ್ಮನ್ನು ಈ ಪರದೇಶಕ್ಕೆ ಕಳಿಸಿದಾಗ ಮಗಳಿನ್ನೂ ತೊದಲು ಮಾತಾಡುತ್ತಿದ್ದಳು. ನನ್ನ ಪಾಲಿಗೆ ಶಾಲೆಯ ಗಣಿತ ಮತ್ತು ಭಾನುವಾರದ ಪ್ರಾರ್ಥನೆ ಬಂತು. ಹೆಂಡತಿಯ ಪಾಲಿಗೆ ಪಕ್ಕದ ಕಟ್ಟಡದ ಹಾಸ್ಟೆಲು, ಅಲ್ಲಿನ ಕಣ್ಣು ಕಾಣದ ಹೆಂಗಸರಿಗೆ ಅಡುಗೆ ಕಲಿಸುವ ಕೆಲಸ. ಇಲ್ಲಿನ ಮಾತು ಕಲಿಯಲು ನನಗೆ ಎರಡು ವರ್ಷ ಹಿಡಿಯಿತು, ಅವಳಿಗೆ ಆರು ತಿಂಗಳು. ತಪ್ಪು ಮಾತಾಡಲು ನಾಚುವವಳಲ್ಲ ಅವಳು.

ಹಾಸ್ಟೆಲಿನ ಅಡುಗೆಮನೆ ಎಂದರೆ ಉದ್ದನೆಯ ಕೋಣೆ, ಗೋಡೆಯುದ್ದಕ್ಕೂ ನಾಲ್ಕು ಗ್ಯಾಸಿನ ಒಲೆ. ಉಪ್ಪಿಗೆ ದುಂಡು ಡಬ್ಬಿ, ಸಕ್ಕರೆಗೆ ಚೌಕದ್ದು. ಬಾಣಲೆಯ ಹಿಡಿ ಯಾವಾಗಲೂ ಗೋಡೆಯ ಕಡೆಗೇ ಇರಬೇಕು. "ಹನ್ನೆರಡು ವರ್ಷದಲ್ಲಿ ನನ್ನ ಅಡುಗೆಮನೇಲಿ ಒಂದು ಈರುಳ್ಳಿ ಸೀದಿಲ್ಲ" ಎಂದು ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದಳು. ಒಂದು ದಿನ ಕಿಟಕಿಯಲ್ಲಿ ಇಣುಕಿದಾಗ ಅದರ ಗುಟ್ಟು ನನಗೆ ತಿಳಿಯಿತು. ಮೆತ್ತನೆಯ ಚಪ್ಪಲಿ ಹಾಕಿಕೊಂಡು ಎಲ್ಲರ ಹಿಂದೆ ಸುಳಿದಾಡುತ್ತ, ಇಲ್ಲೊಂದು ಉರಿ ಸಣ್ಣ ಮಾಡುತ್ತಿದ್ದಳು, ಅಲ್ಲೊಂದು ಬಾಣಲೆ ಸರಿಸುತ್ತಿದ್ದಳು.

"ಇದು ಮೋಸ ಅಲ್ವೇನೇ?" ಎಂದೆ ಮನೆಗೆ ಬಂದ ಮೇಲೆ.

"ಅವರಿಗೆ ಗೊತ್ತಾಗಲ್ಲ ಬಿಡ್ರೀ."

"ದೇವರಿಗೆ ಗೊತ್ತಾಗುತ್ತಲ್ಲ?"

"ದೇವರೂ ನಿಮ್ಮ ಹಿಂದೆ ನಿಂತು ಇದನ್ನೇ ಮಾಡ್ತಿರೋದು!"



ಅವಳ ವಿದ್ಯಾರ್ಥಿನಿಯರಲ್ಲಿ ಗಿಣಿ ಎಂಬ ಅಡ್ಡಹೆಸರಿನವಳೊಬ್ಬಳಿದ್ದಳು. ಮಾತು ಜಾಸ್ತಿ, ಅದಕ್ಕೇ ಆ ಹೆಸರು. ಆಸ್ಪತ್ರೆಯಲ್ಲಿ ಫೋನೆತ್ತುವ ಕೆಲಸವೂ ಅವಳಿಗೆ ಸಿಕ್ಕಿತ್ತು. ಆದರೆ ಮೂವತ್ತೈದು ತುಂಬಿದವರು ಹಾಸ್ಟೆಲು ಬಿಡಬೇಕೆಂಬ ನಿಯಮ, ಅವಳಿಗೆ ಉಳಿದಿದ್ದುದು ಇನ್ನೊಂದು ವಾರ. ಬಾಡಿಗೆ ಕೋಣೆ ಸಿಗದಿದ್ದರೆ ದೂರದಲ್ಲಿರುವ ಅಣ್ಣನ ಮನೆಯೇ ಗತಿ, ಕೆಲಸವೂ ಹೋದಂತೆಯೇ. ಅಲ್ಲಿ ಅತ್ತಿಗೆ ಮೂಲೆಯಲ್ಲೊಂದು ಕುರ್ಚಿ ಹಾಕಿ, "ಏಳಬೇಡ, ಬೀಳ್ತೀಯ" ಎಂದು ಬೆಳಗಿನಿಂದ ಸಂಜೆಯವರೆಗೆ ಕೂರಿಸುತ್ತಾಳೆ. "ಆ ಕುರ್ಚಿಗೆ ಮಾತ್ರ ನಾನು ಹೋಗಲ್ಲ" ಎನ್ನುತ್ತಿದ್ದಳು ಗಿಣಿ.

ಕೊನೆಗೆ ಒಬ್ಬ ದರ್ಜಿಯಮ್ಮನ ಅಂಗಡಿಯ ಮೇಲೆ ಒಂದು ಕೋಣೆ ಸಿಕ್ಕಿತು. ದರ್ಜಿಯಮ್ಮ ಕೆಟ್ಟವಳಲ್ಲ, ಹೆದರಿದ್ದಳು ಅಷ್ಟೆ. "ಕೆಳಗಡೆ ಪೂರ್ತಿ ಬಟ್ಟೆ ಇದೆ. ನನ್ನೆದುರಿಗೆ ಒಂದ್ಸಲ ಅಡುಗೆ ಮಾಡಿ ತೋರಿಸ್ಲಿ, ಆಮೇಲೆ ನೋಡೋಣ" ಎಂದಳು.

ಶನಿವಾರ ಬೆಳಿಗ್ಗೆ ಮೂವರೂ ಹೋದೆವು, ತರಕಾರಿ ಚೀಲ ಹೊರಲು ನಾನು. ಗಿಣಿ ಒಲೆಯನ್ನೊಮ್ಮೆ ತಡವಿ ನೋಡಿ, ಬಾಣಲೆ ಇಟ್ಟು, ಎಣ್ಣೆ ಸುರಿದು, ಈರುಳ್ಳಿ ಹಾಕಿದಳು. ಜೊತೆಗೇ ಬಾಯಿ ನಡೆದಿತ್ತು. ದರ್ಜಿಯಮ್ಮನೂ ಮಾತಿಗಿಳಿದು ಸಡಿಲವಾಗಿದ್ದಳು. ಅಷ್ಟರಲ್ಲಿ ನನ್ನ ಹೆಂಡತಿಯ ಕೈ ಮುಂದೆ ಹೋಯಿತು. ನಾನು ಕೆಮ್ಮಿದೆ, ಪ್ರಯೋಜನವಾಗಲಿಲ್ಲ.

ಗಿಣಿ ಮಾತು ನಿಲ್ಲಿಸಿದಳು. "ಟೀಚರಮ್ಮಾ, ಒಲೆ ಮುಟ್ಟಿದ್ರಾ?"

ಇವಳ ಮುಖ ಇಂಗು ತಿಂದ ಮಂಗನಂತಾಯಿತು. "ಉರಿ ಒಂಚೂರು ಜೋರಿತ್ತು ಕಣಮ್ಮ..."

"ನೋಡಿ, ನಂಗೆ ಇದೇ ಭಯ" ಎಂದಳು ದರ್ಜಿಯಮ್ಮ. "ದಿನಾ ಸಣ್ಣ ಮಾಡೋಕೆ ನೀವು ಬರ್ತೀರಾ?"

ಗಿಣಿ ಗ್ಯಾಸು ಆರಿಸಿದಳು. "ಸಾರ್, ಟೀಚರಮ್ಮನ್ನ ಹೊರಗೆ ಕರ್ಕೊಂಡು ಹೋಗಿ. ನಾನು ಮೊದಲಿಂದ ಮಾಡ್ತೀನಿ" ಎಂದಳು.

ಮೆಟ್ಟಿಲ ಮೇಲೆ ಹೋಗಿ ಕುಳಿತೆವು. ಇವಳು ಮುಳ್ಳಿನ ಮೇಲೆ ಕುಳಿತಂತಿದ್ದಳು. ಹತ್ತು ನಿಮಿಷವಾಗಿತ್ತೋ ಇಲ್ಲವೋ, ಬಾಗಿಲ ಸಂದಿನಿಂದ ಸೀದ ವಾಸನೆ ಬಂತು. ಇವಳು ದಡಕ್ಕನೆ ಎದ್ದಳು. ನಾನು ಕಾಲು ಅಡ್ಡ ಚಾಚಿದೆ.

"ಬಿಡ್ರೀ, ಸೀತಾ ಇದೆ!"

"ಸೀಯ್ಲಿ. ಕೂತ್ಕೋ."

ಹದಿನಾರು ವರ್ಷದ ಸಂಸಾರದಲ್ಲಿ ಅವಳಿಗೆ ನಾನು ಹಾಗೆ ಗದರಿದ್ದು ಅದೇ ಮೊದಲು. ಅವಳು ಕುಳಿತು ಅತ್ತುಬಿಟ್ಟಳು. "ಅವಳು ಹೋಗಿ ಆ ಕುರ್ಚೀಲಿ ಕೂತ್ರೆ, ಕೂರಿಸಿದ್ದು ನಾನೇ ಕಣ್ರೀ" ಎಂದಳು. ಅವಳಿಗಿಂತ ನನಗೇ ಹೆಚ್ಚು ಸಂಕಟವಾಯಿತು.

ಅರ್ಧ ಗಂಟೆಯ ಮೇಲೆ ದರ್ಜಿಯಮ್ಮ ಬಾಗಿಲು ತೆರೆದಳು. "ಬನ್ನಿ, ಊಟಕ್ಕೆ ಕರೀತಿದಾಳೆ. ಈರುಳ್ಳಿ ತಳ ಹಿಡೀತು. ನಾನು ಕೂಗೋದರೊಳಗೆ ಗ್ಯಾಸು ಆರ್ಸಿ, ಬಾಣಲೆ ಇಳ್ಸಿ, ಕಿಟಕಿ ತೆಗೆದಾಗಿತ್ತು. ಕರ್ರಗಾಗಿದ್ದನ್ನ ಕೆರೆದು ಬಿಸಾಕಿ, ಬೇರೆ ಈರುಳ್ಳಿ ಹೆಚ್ಚೋಕೆ ನಿಂತ್ಲು. ನಾನಾಗಿದ್ರೆ ಮೊದಲು ಕಿರುಚ್ತಿದ್ದೆ."

"ನಾನು ಇದನ್ನ ನಿಂಗೆ ಕಲಿಸೇ ಇಲ್ವಲ್ಲೇ" ಎಂದಳು ನನ್ನ ಹೆಂಡತಿ.

"ಎಲ್ಲಿ ಕಲಿಸ್ತೀರಾ, ನಿಮ್ಮ ಕ್ಲಾಸಲ್ಲಿ ಏನೂ ಸೀಯೋದೇ ಇಲ್ಲ! ನೀವೆಲ್ಲ ಭಾನುವಾರ ಪ್ರಾರ್ಥನೆಗೆ ಹೋದಾಗ ನಾವೇ ಸೀಯಿಸಿ ಕಲಿತ್ವಿ. ವಾರಕ್ಕೆ ಇಬ್ಬಿಬ್ಬರಿಗೆ ಸರದಿ ಮೇಲೆ ತಲೆನೋವು."

ಆ ತಲೆನೋವುಗಳಿಗೆಲ್ಲ ಮೂರು ತಿಂಗಳಿಂದ ಸಭೆಯೆದುರು ಪ್ರಾರ್ಥನೆ ಮಾಡಿಸುತ್ತಿದ್ದ ಪೆದ್ದ ನಾನು.

"ಹಾಗಾದ್ರೆ ನಾನು ಉರಿ ಸಣ್ಣ ಮಾಡ್ತಿದ್ದಿದ್ದು..."

"ನಾಬ್ ಟಿಕ್ ಅನ್ನುತ್ತೆ ಟೀಚರಮ್ಮಾ. ನಮಗೆಲ್ಲ ಯಾವತ್ತೋ ಗೊತ್ತು. ಹೇಳಿದ್ರೆ ನಿಮಗೆ ಬೇಜಾರಾಗುತ್ತೆ ಅಂತ ಸುಮ್ನಿದ್ವಿ."

ಇವಳು ಅಳುತ್ತಲೇ ನಕ್ಕಳು. ಆಲೂಗೆಡ್ಡೆಗೆ ಉಪ್ಪು ತುಸು ಮುಂದಾಗಿತ್ತು, ನಾಲ್ವರೂ ಎರಡೆರಡು ಸಲ ಹಾಕಿಸಿಕೊಂಡೆವು. ಊಟವಾದ ಮೇಲೆ ದರ್ಜಿಯಮ್ಮ ಎರಡು ಬೀಗದ ಕೈ ತಂದು ಗಿಣಿಯ ಅಂಗೈಯಲ್ಲಿಟ್ಟಳು. ನನ್ನ ಹೆಂಡತಿಗೆ ತಡೆಯಲಾಗಲಿಲ್ಲ.

"ಒಂದು ನನ್ನ ಹತ್ರ ಇರ್ಲೇನೆ? ಹೊತ್ತಿಗೆ ಆಗುತ್ತೆ."

ಗಿಣಿ ಎರಡನ್ನೂ ತನ್ನ ಚೀಲಕ್ಕೆ ಹಾಕಿಕೊಂಡಳು. "ಬಾಗಿಲು ತಟ್ಟಿ ಟೀಚರಮ್ಮಾ. ನಾನೇ ಬಂದು ತೆಗೀತೀನಿ."

ಸೋಮವಾರ ಶಾಲೆಯ ಬಿಡುವಿನಲ್ಲಿ ನಾನು ಹಾಸ್ಟೆಲಿನ ಕಡೆ ಹೋದೆ. ನಾಲ್ಕೂ ಒಲೆ ಉರಿಯುತ್ತಿದ್ದವು. "ಎಲ್ರೂ ಈರುಳ್ಳಿ ಹಾಕಿ. ಇವತ್ತು ಸೀಯಿಸಿ. ಸೀದ ಮೇಲೆ ಏನು ಮಾಡ್ಬೇಕು ಅಂತ ನಿಮಗೇ ಗೊತ್ತು" ಎಂದು ಹೇಳಿ ಇವಳು ಹೊರಗೆ ಬಂದಳು, ಬಾಗಿಲೆಳೆದುಕೊಂಡು ನನ್ನ ಪಕ್ಕ ಬೆಂಚಿನ ಮೇಲೆ ಕುಳಿತಳು. ಒಳಗಿನಿಂದ ವಾಸನೆ ಬರತೊಡಗಿತು, ಜೊತೆಗೆ ಹೆಂಗಸರ ನಗುವೂ ಬಂತು.

"ರೀ," ಎಂದಳು, "ಸ್ವಲ್ಪ ಹೊತ್ತು ನನ್ನ ಕೈ ಗಟ್ಟಿಯಾಗಿ ಹಿಡ್ಕೊಂಡಿರಿ."