ನೀಲವ್ವಜ್ಜಿ ಒಲ್ಲೆನೆಂದ ಮದ್ದು

ದೀಪಾವಳಿಯ ಮರುದಿನ ಬೆಳಿಗ್ಗೆ ಹಾನಗಲ್ಲಿನ ನಮ್ಮ ಓಣಿಯಲ್ಲಿ ಕಸ ಗುಡಿಸುವಾಗ ಸುಟ್ಟ ಪಟಾಕಿಯ ಗಂಧಕದ ವಾಸನೆ ಏಳುತ್ತದೆ. ಉಳಿದವರು ಮೂಗು ಮುಚ್ಚಿಕೊಳ್ಳುತ್ತಾರೆ, ನಾನು ಕಸಬರಿಗೆ ಹಿಡಿದುಕೊಂಡೇ ಒಂದು ಗಳಿಗೆ ನಿಂತುಬಿಡುತ್ತೇನೆ. ನಿಮ್ಮ ಅಜ್ಜಿಯರ ಸೆರಗಿನಲ್ಲಿ ಒಗ್ಗರಣೆಯದೋ ವಿಭೂತಿಯದೋ ವಾಸನೆ ಇದ್ದಿರಬಹುದು. ತಿಳವಳ್ಳಿಯ ನನ್ನ ಅಜ್ಜಿ ನೀಲವ್ವನ ಸೆರಗಿಗೆ ಬಂದೂಕಿನ ಮದ್ದು ಹತ್ತಿರುತ್ತಿತ್ತು.

ಅಜ್ಜನ ಹತ್ತಿರ ನಳಿಗೆಯ ಬಾಯಿಂದ ಮದ್ದು ತುಂಬುವ ಹಳೆಯ ಲೈಸೆನ್ಸ್ ಬಂದೂಕಿತ್ತು. ಹರೆಯದಲ್ಲಿ ಅದರಿಂದ ಚಿಗರಿ ಎನ್ನುವ ಜಿಂಕೆಗಳನ್ನು ಹೊಡೆದಿದ್ದನಂತೆ. ನಾನು ಕಾಣುವ ಹೊತ್ತಿಗೆ ಅದು ಗೋವಿನಜೋಳಕ್ಕೆ ನುಗ್ಗುವ ಹಂದಿಗಳಿಗಾಗಿ ಮಾತ್ರ ಹೊರಬರುತ್ತಿತ್ತು. ಗುರಿ ಅಜ್ಜನದು, ಗುಂಡು-ಮದ್ದಿನ ಆಯ್ಕೆ ಅಜ್ಜಿಯದು. ಅವಳ ಅಪ್ಪ ಮದುವೆ ಮೆರವಣಿಗೆಗಳಿಗೆ ಮದ್ದು ಅರೆದು ಕೊಡುತ್ತಿದ್ದವನು. ಆ ವಿದ್ಯೆಯನ್ನು ಅವಳು ತವರಿನಿಂದ ತಂದಿದ್ದಳು. ಅಚ್ಚಿನಲ್ಲಿ ಹೊಯ್ದ ಸೀಸದ ಗುಂಡುಗಳನ್ನು ಬಿಸಿಲಿಗೆ ಕುಳಿತು ಹಿತ್ತಾಳೆಯ ಪರಾತದ ಅಗಲ ತಳದ ಮೇಲೆ ಒಂದೊಂದಾಗಿ ಉರುಳಿಸುವಳು. ನೆಟ್ಟಗೆ ಓಡಿದ್ದು ಚೀಲಕ್ಕೆ, ವಾಲಾಡಿದ್ದು ಮತ್ತೆ ಒಲೆಗೆ. "ಇದರಾಗ ಗಾಳಿ ಕುಂತೈತಿ, ಗುರಿ ತಪ್ಪಸ್ತೈತಿ" ಎನ್ನುವಳು. ಪಕ್ಕದಲ್ಲಿ ಕುಳಿತು ಆ ಗುರುಗುರು ಸದ್ದು ಕೇಳುತ್ತ ನಾನು ಎಷ್ಟೋ ಮಧ್ಯಾಹ್ನಗಳನ್ನು ಕಳೆದಿದ್ದೇನೆ.

ಒಂದು ಸುಗ್ಗಿಯಲ್ಲಿ ಸವಣೂರಿನಿಂದ ಅಜ್ಜನ ಅಕ್ಕನ ಮಗ ಫಕೀರಪ್ಪ ಬಂದ. ಹೊಲದಂಚಿಗೆ ಬರುವ ಚಿಗರಿಯೊಂದನ್ನು ಹೊಡೆಯಬೇಕೆಂಬ ಆಸೆ ಅವನದು. ಹೊಸ ಕಾಲದ ಬಂದೂಕಿನ ತೋಟಾಗಳನ್ನು ಒಡೆದು ತೆಗೆದ ಹೊಸ ಮದ್ದನ್ನು ಡಬ್ಬಿಯಲ್ಲಿ ತಂದಿದ್ದ. ಅಜ್ಜಿ ಚಿಟಿಕೆ ತೆಗೆದು ಬೆರಳಲ್ಲಿ ತಿಕ್ಕಿದಳು. ಕಪ್ಪು ಹತ್ತಲಿಲ್ಲ. ಹೆಂಚಿನ ಚೂರಿನ ಮೇಲೆ ಇಟ್ಟು ಕಿಡಿ ತಾಗಿಸಿದಳು. ನಮ್ಮ ಮದ್ದು ಭುಸ್ಸೆಂದು ಬಿಳಿ ಹೊಗೆ ಕಾರುತ್ತಿತ್ತು. ಇದು ಹೊಗೆಯಿಲ್ಲದೆ, ಹಳದಿಯಾಗಿ, ಸಾವಕಾಶ ಉರಿಯಿತು.

ಫಕೀರಪ್ಪ ನಕ್ಕ. "ಭಾಳ ಮೆತ್ತಗೈತಿ ಅತ್ತಿ. ಎರಡು ಪಟ್ಟು ಹಾಕಿದ್ರಾತು."

"ಬಯಲಾಗ ಮೆತ್ತಗ ಉರದದ್ದು ನಳಿಗ್ಯಾಗ ಹಂಗ ಇರೂದಿಲ್ಲಪಾ. ನಮ್ಮ ನಳಿಗಿ ಇದನ್ನ ತಾಳೂದಿಲ್ಲ. ನಾ ತುಂಬೂದಿಲ್ಲ."

"ಹೆಂಗಸ್ರು ಬಂದೂಕಿನ ಮಾತು ಆಡಾಕತ್ರ ಮುಗೀತು ಬಿಡು, ಮಾವ. ನೀನರ ಹೇಳು."

ಅಜ್ಜ ತಂಬಾಕು ತಿಕ್ಕುತ್ತಿದ್ದವನು ತಲೆ ಎತ್ತಿದ. "ಬಂದೂಕು ನಂದು, ಖರೆ. ಆಕಿ ಬ್ಯಾಡ ಅಂದದ್ದು ಅದರೊಳಗ ಇವತ್ತಿನ ತನಕ ಹೋಗಿಲ್ಲ. ಚಿಗರಿ ಹೊಡ್ಯೂದನ್ನೂ ಈ ಮನ್ಯಾಗ ಬಿಟ್ಟೇವಿ. ಊಟಕ್ಕ ಏಳು."

ಫಕೀರಪ್ಪ ಊಟಕ್ಕೆ ಏಳಲಿಲ್ಲ. ಡಬ್ಬಿ ಎತ್ತಿಕೊಂಡು ಬಸ್ಸಿಗೆ ಹೋದ. ಮನೆಗೆ ಬಂದವನು ಉಣ್ಣದೆ ಹೋದನೆಂದು ಅಜ್ಜಿ ಅತ್ತಳು, ಆದರೆ ತನ್ನ ಮಾತನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಎರಡು ತಿಂಗಳ ಮೇಲೆ ಮಟಮಟ ಮಧ್ಯಾಹ್ನ ಅವನು ಮತ್ತೆ ಅಂಗಳದಲ್ಲಿ ನಿಂತಿದ್ದ. ಎಡಗೈಗೆ ಬಟ್ಟೆ ಸುತ್ತಿತ್ತು. ಅದೇ ಮದ್ದನ್ನು ಬೇರೆ ಯಾರದೋ ಬಂದೂಕಿಗೆ ತುಂಬಿ ಹಾರಿಸಿದ್ದನಂತೆ. ನಳಿಗೆ ಸೀಳಿ ಎರಡು ಬೆರಳು ಹೋಗಿದ್ದವು. "ಅತ್ತಿ, ತಪ್ಪಾತು" ಎಂದ. ನಾನು ಆಗ ಹೇಳಿರಲಿಲ್ಲವೇ ಎಂದು ಅಜ್ಜಿ ಕೇಳಲಿಲ್ಲ. ಕೈಕಾಲಿಗೆ ನೀರು ಕೊಟ್ಟು, ತಾಟು ಇಟ್ಟು, ರೊಟ್ಟಿಯನ್ನು ತಾನೇ ಮುರಿದು ಬ್ಯಾಳಿಯಲ್ಲಿ ನೆನೆಸಿ ಕೊಟ್ಟಳು. "ಅವತ್ತಿಂದು ಊಟ ಬಾಕಿ ಐತಿ, ಉಣ್ಣು" ಎಂದಳು. ಅವನು ಅಳುತ್ತಲೇ ಉಂಡ.

ಅಜ್ಜ ತೀರಿದ ಮೇಲೆ ಅಜ್ಜಿ ಬಂದೂಕನ್ನು ತಾನೇ ಠಾಣೆಗೆ ಒಪ್ಪಿಸಿ ಬಂದಳು. ಈಗ ಆ ಮನೆಯ ಜಾಗದಲ್ಲಿ ಗೋವಿನಜೋಳದ ಗೋದಾಮು ಎದ್ದಿದೆ. ಅಜ್ಜಿಯನ್ನು ಮಣ್ಣು ಮಾಡಿದ ದಿನ, ಯಾರದೋ ಜೊತೆಗೆ ಬಂಕಾಪುರದಿಂದ ಬಂದ ದೂರದ ನೆಂಟನೊಬ್ಬ ಹೋದವರು ಯಾರೆಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಮುದುಕನಾಗಿದ್ದ ಫಕೀರಪ್ಪ ಎದ್ದು ನಿಂತ.

"ಮದ್ದು ಬಲ್ಲ ನೀಲವ್ವ," ಎಂದ. "ನಮ್ಮ ಅತ್ತಿರಿ."