ಸಪ್ಪೆಯಕ್ಕನ ಆರು ಟ್ರೇಗಳು

ಭಾನುವಾರ, ಬೆಳಗಿನ ಐದೂವರೆ. ರಜೆಯ ದಿನವೆಂದು ಬೀದಿಗೆ ಬೀದಿಯೇ ಮುಸುಕೆಳೆದು ಮಲಗಿದೆ. ಮೂರನೇ ಮಹಡಿಯ ಪುಟ್ಟ ಮನೆಯ ಅಡುಗೆಕೋಣೆಯಲ್ಲಿ ಮಾತ್ರ ಲಟ್ಟಣಿಗೆ ಉರುಳುತ್ತಿದೆ, ಹಿಟ್ಟಿನ ಮೇಲಲ್ಲ, ಕೊತ್ತಂಬರಿ ಬೀಜದ ಮೇಲೆ. ಜೋರಾಗಿ ಒತ್ತಿದರೆ ಪುಡಿ, ಒತ್ತದಿದ್ದರೆ ದಂಡ. ಕಾಳು ಸರಿಯಾಗಿ ಎರಡು ಹೋಳಾಗಬೇಕು.

"ಒಂದೊಂದರಲ್ಲೂ ಅವಳಿ ಇರ್ತವೆ. ಬೇರೆ ಬೇರೆ ಮಲಗಿಸಿದ್ರೆ ಎರಡೂ ಏಳ್ತವೆ. ಒಟ್ಟಿಗೆ ಬಿಟ್ರೆ ಜಾಗಕ್ಕೆ ಜಗಳ" ಎನ್ನುತ್ತಾರೆ ಸಪ್ಪೆಯಕ್ಕ.

ಹೆಸರು ಅಪ್ಪ ಅಮ್ಮ ಇಟ್ಟದ್ದಲ್ಲ. ಆಸ್ಪತ್ರೆಯ ಅಡುಗೆಮನೆಯಲ್ಲಿ ಉಪ್ಪಿಲ್ಲದ ಪಥ್ಯದೂಟ ಬೇಯಿಸುವುದು ಇವರ ಕೆಲಸ. ಹನ್ನೊಂದು ವರ್ಷದಿಂದ ಅದನ್ನೇ ಮಾಡುತ್ತಿರುವುದರಿಂದ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿದಿದೆ. ಮಧ್ಯಾಹ್ನಕ್ಕೆ ನಲವತ್ತೆರಡು ತಟ್ಟೆ. ಕಳಿಸುವುದನ್ನು ಎಲ್ಲರೂ ಎಣಿಸುತ್ತಾರೆ, ಸಪ್ಪೆಯಕ್ಕ ಎಣಿಸುವುದು ಮುಟ್ಟದೆ ವಾಪಸು ಬಂದದ್ದನ್ನು. ಬರೀ ಬೇಯಿಸಿ ಕಳಿಸುತ್ತಿದ್ದ ಮೊದಲ ವರ್ಷಗಳಲ್ಲಿ ಅದು ಇಪ್ಪತ್ತರ ಆಸುಪಾಸಿನಲ್ಲಿತ್ತು. ತಟ್ಟೆಗೊಂದು ಚಿಟಿಕೆ ಹಸಿ ಸೊಪ್ಪು ಉದುರಿಸತೊಡಗಿದ ಮೇಲೆ ಏಳೆಂಟಕ್ಕೆ ಇಳಿಯಿತು.

ಈ ಉಪಾಯದ ಮೂಲ ಇದೇ ಮನೆಯಲ್ಲಿ, ಅಡುಗೆಕೋಣೆಯ ಗೋಡೆಯಾಚೆ ಮಂಚದ ಮೇಲಿದೆ. ರಕ್ತದೊತ್ತಡ ಏರಿ ವೈದ್ಯರು ಉಪ್ಪು ಬಿಡಿಸಿದಾಗ ಅತ್ತೆ ಊಟವನ್ನೇ ಬಿಟ್ಟು ಕೂತಿದ್ದರು. ಸೊಸೆ ಹಳೆಯ ಟ್ರೇಗೆ ತೂತು ಕೊರೆದು ಮಣ್ಣು ತುಂಬಿ ಕೊತ್ತಂಬರಿ, ಅಂಚಿಗೆ ಒಂದು ಸಾಲು ಮೆಂತ್ಯ ಬಿತ್ತಿದರು. ಸೊಪ್ಪು ಬಿದ್ದ ಮೇಲೆ ಅತ್ತೆ ಉಂಡರು, ಆದರೆ ಬಾಯಿ ಮುಚ್ಚಿಕೊಂಡು ಉಣ್ಣಲಿಲ್ಲ. "ಹುಲ್ಲು ಹಾಕಿ ಸಾಕ್ತಿದಾಳೆ ನನ್ನನ್ನ. ಇನ್ನು ಹಾಲು ಕರೆಯೋದೊಂದು ಬಾಕಿ" ಎಂದು ಇಂದಿಗೂ ಬಂದವರಿಗೆಲ್ಲ ಹೇಳುತ್ತಾರೆ.

ಈಗ ಟ್ರೇಗಳು ಆರು. ಬಿಸಿಲು ಬೀಳುವ ಬಚ್ಚಲುಮನೆಯ ಕಿಟಕಿಗೆ ಆತುಕೊಂಡ ಮೂರು ಹಲಗೆಯ ಸ್ಟ್ಯಾಂಡಿನಲ್ಲಿ ಅವುಗಳ ವಾಸ. ಭಾನುವಾರಕ್ಕೊಂದು ಬಿತ್ತಿದರೆ ಆರನೇ ವಾರಕ್ಕೆ ಅದು ಕೊಯ್ಲಿಗೆ ಬರುತ್ತದೆ. ಇವತ್ತು ಸೋಮಾರಿತನ ಮಾಡಿದರೆ ನಾಳೆಯೇನೂ ಗೊತ್ತಾಗದು, ಒಂದೂವರೆ ತಿಂಗಳ ಮೇಲೆ ಇಡೀ ವಾರ ತಟ್ಟೆ ಬೋಳು.

ಬೋಳಾಗಿ ಈಗಾಗಲೇ ಐದು ವಾರ. ಸೋಮಾರಿತನದಿಂದಲ್ಲ. ಹೊಸದಾಗಿ ಬಂದ ಅಡುಗೆಮನೆಯ ಮೇಲ್ವಿಚಾರಕಿ ಮೊದಲ ದಿನವೇ ಸಪ್ಪೆಯಕ್ಕ ಮನೆಯಿಂದ ತಂದ ಚೀಲ ಬಿಚ್ಚಿಸಿ, "ಮನೆಯ ಸೊಪ್ಪು ರೋಗಿಗಳಿಗೆ ಬೇಡ" ಎಂದುಬಿಟ್ಟರು. ವಾಪಸು ತಟ್ಟೆ ಇಪ್ಪತ್ತೊಂದಕ್ಕೆ ಹಾರಿತು. ಸಪ್ಪೆಯಕ್ಕ ವಾದ ಮಾಡಲಿಲ್ಲ, ದಿನವೂ ಆ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಅವರ ಮೇಜಿನ ಮೇಲಿಟ್ಟು ಬಂದರು. ಮೂವತ್ತನೇ ಚೀಟಿಗೆ ಉತ್ತರ ಬಂತು: ಭಾನುವಾರ ಹನ್ನೊಂದಕ್ಕೆ ಮನೆಗೆ ಬಂದು ನೋಡುತ್ತೇನೆ.

ಬೇಡವೆಂದ ಮೇಲೂ ಬಿತ್ತನೆ ಒಂದು ವಾರವೂ ನಿಂತಿಲ್ಲ. "ಬೇಡ ಅಂದಿದ್ದು ಅವತ್ತಿನ ಸೊಪ್ಪನ್ನ ತಾನೇ? ನಾನು ಬಿತ್ತೋದು ಮುಂದಿನ ತಿಂಗಳಿಗೆ" ಎನ್ನುತ್ತ ಅವರು ಹೋಳುಗಳನ್ನು ನೀರಿಗೆ ಹಾಕುತ್ತಾರೆ.

ಹನ್ನೊಂದಕ್ಕೆ ಮೇಲ್ವಿಚಾರಕಿ ಏದುಸಿರು ಬಿಡುತ್ತ ಮೂರು ಮಹಡಿ ಹತ್ತಿ ಬರುತ್ತಾರೆ. ಮಣ್ಣು ಮುಟ್ಟುತ್ತಾರೆ, ಎಲೆ ಮಗುಚಿ ನೋಡುತ್ತಾರೆ, ಒಂದು ಕಿತ್ತು ತೊಳೆದು ಬಾಯಿಗೂ ಹಾಕಿಕೊಳ್ಳುತ್ತಾರೆ.

"ಅಕ್ಕಾ, ಸೊಪ್ಪು ಚೆನ್ನಾಗಿದೆ. ಆದ್ರೆ ಬಚ್ಚಲಲ್ಲಿ ಬೆಳೆದದ್ದು ಅಂತ ನಾನು ಹೇಗೆ ಸಹಿ ಹಾಕ್ಲಿ? ಬೇರೆ ಜಾಗಕ್ಕೆ ಸಾಗಿಸಿ. ನಮ್ಮ ಅಡುಗೆಮನೇಲಿ ಇನ್ನೊಂದ್ಸಲ ತೊಳೆಸ್ತೀನಿ. ಅಷ್ಟಾದ್ರೆ ನಾಳೇನೇ ತನ್ನಿ."

ಮಾತು ನ್ಯಾಯವಾದದ್ದೇ. ಆದರೆ ಈ ಮನೆಯಲ್ಲಿ ಬಿಸಿಲು ಬರುವ ಇನ್ನೊಂದು ಕಿಟಕಿ ಎಂದರೆ ಅತ್ತೆಯ ಮಂಚದ ಪಕ್ಕದ್ದು. ಮಂಡಿನೋವಿನ ಅತ್ತೆಗೆ ಅದೇ ಸಂತೆ, ಅದೇ ಸಿನಿಮಾ, ಅದೇ ನೆರೆಹೊರೆ. ಯಾರ ಮನೆಗೆ ಯಾರು ಬಂದರು, ಎಷ್ಟು ಹೊತ್ತು ಕೂತರು ಎಂಬುದೆಲ್ಲ ಬೀದಿಗೇ ಗೊತ್ತಾಗುವ ಮೊದಲು ಅವರಿಗೆ ಗೊತ್ತು.

"ಬೇರೆ ಜಾಗ ಇಲ್ಲ ಮೇಡಂ" ಎಂದು ಸಪ್ಪೆಯಕ್ಕ ತಲೆ ತಗ್ಗಿಸುತ್ತಾರೆ.

"ಯಾಕೆ ಸುಳ್ಳು ಹೇಳ್ತೀಯೇ?" ಎಂದು ಮಂಚದಿಂದ ದನಿ ಬರುತ್ತದೆ. "ನಿನ್ನ ಗಂಡನ್ನ ಕರಿ, ಈ ಮಂಚ ಆ ಗೋಡೆಗೆ ತಳ್ಳಲಿ."

"ಅತ್ತೆ, ದಿನವೆಲ್ಲ ಗೋಡೆ ನೋಡ್ಕೊಂಡು ಏನು ಮಾಡ್ತೀರಿ?"

"ಅದಕ್ಕೇನು, ಬೀದಿ ಸಮಾಚಾರ ಇನ್ಮೇಲೆ ನಿನ್ನ ಸೊಪ್ಪು ನೋಡಿ ನನಗೆ ಹೇಳಲಿ. ಉಪ್ಪಿಲ್ಲದ ಊಟ ಎದುರಿಗಿಟ್ಕೊಂಡು ಅಳೋದು ಏನು ಅಂತ ಈ ಮನೇಲಿ ನಂಗೊಬ್ಬಳಿಗೇ ಗೊತ್ತು. ತಳ್ಳು ಅಂದೆ."

ಮೇಲ್ವಿಚಾರಕಿ ತಮ್ಮ ಕೈಚೀಲವನ್ನು ನೆಲದ ಮೇಲಿಟ್ಟು ಮಂಚದ ಒಂದು ಕಾಲಿಗೆ ತಾವೇ ಕೈ ಹಾಕುತ್ತಾರೆ.

ಸೋಮವಾರ ಮಧ್ಯಾಹ್ನ ವಾಪಸು ಬಂದದ್ದು ಏಳು ತಟ್ಟೆ. ಜೊತೆಯವರು ಬೆನ್ನು ತಟ್ಟುವಷ್ಟರಲ್ಲಿ ಸಪ್ಪೆಯಕ್ಕ ಏಪ್ರನ್ ಕಳಚಿ ವಾರ್ಡಿಗೆ ನಡೆದಿದ್ದಾರೆ, ಆ ಏಳು ಜನ ಯಾರೆಂದು ವಿಚಾರಿಸಲು. ಮೂವರಿಗೆ ಹಸಿವಿಲ್ಲ, ಇಬ್ಬರಿಗೆ ನಿದ್ದೆ, ಒಬ್ಬರಿಗೆ ಮಗನ ಮೇಲೆ ಸಿಟ್ಟು. ಏಳನೆಯವರು ಒಬ್ಬ ನಿವೃತ್ತ ಮೇಷ್ಟ್ರು. ಅವರು ನೇರವಾಗಿಯೇ ಹೇಳಿದರು: "ಕೊತ್ತಂಬರಿ ನನಗೆ ತಿಗಣೆ ವಾಸನೆ ಬರುತ್ತೆ ಕಣಮ್ಮ. ಸಬ್ಬಸಿಗೆ ಇದ್ರೆ ನೋಡು."

ಅಂದು ಸಂಜೆಯೇ ಕಿಟಕಿಯ ಬಳಿ ಏಳನೆಯ ಟ್ರೇ ಬಂದಿದೆ. ಸಬ್ಬಸಿಗೆ ಬೀಜ ಉದುರಿಸಿ, ತೆಳ್ಳಗೆ ಮಣ್ಣು ಮುಚ್ಚಿ, ಕೈ ಕೊಡವಿಕೊಂಡು ಸಪ್ಪೆಯಕ್ಕ ಹೇಳುತ್ತಾರೆ:

"ಮೇಷ್ಟ್ರಿಗೆ ಮಾತು ಕೊಟ್ಟಿದೀನಿ, ಬಿತ್ತಿದೀನಿ. ಆದ್ರೆ ಇದು ಕೊಯ್ಯೋ ಹೊತ್ತಿಗೆ ಅವರು ಆಸ್ಪತ್ರೆ ಮಂಚದ ಮೇಲೆ ಇರಬಾರದಪ್ಪ. ಮನೆಗೆ ಹೋಗಿರಬೇಕು. ಇನ್ಯಾರಾದ್ರೂ ತಿನ್ನಲಿ."